ಎರಡು ಪರದೆ, ಒಂದೇ ಕುತ್ತಿಗೆ

38 ವರ್ಷದ ಮಹಿಳೆಯೊಬ್ಬರು ಕುತ್ತಿಗೆ ನೋವೆಂದು ನನ್ನ ಕ್ಲಿನಿಕ್ಕಿಗೆ ಬಂದಿದ್ದರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಕೆಲಸವನ್ನು ಊರಿನ ಮನೆಯಿಂದಲೇ ಮಾಡುತ್ತಿರುವವರು. ನೋವು ಕುತ್ತಿಗೆಯ ಬಲಭಾಗದಲ್ಲಿ ಶುರುವಾಗಿ ಹೆಗಲಿಗೆ ಇಳಿಯುತ್ತಿತ್ತು. ಸಂಜೆಯಾಗುವ ಹೊತ್ತಿಗೆ ತಲೆಯ ಹಿಂಭಾಗವೂ ಭಾರವಾಗುತ್ತಿತ್ತು. ಪರೀಕ್ಷಿಸಿ, ಐದು ದಿನಕ್ಕೆ ಮಾತ್ರೆ ಬರೆದುಕೊಟ್ಟೆ. ನೋವು ಇಳಿಯಿತು. ಮಾತ್ರೆ ಮುಗಿದ ವಾರದಲ್ಲೇ ಮರಳಿತು. ಎರಡನೆಯ ಸಲವೂ ಹಾಗೆಯೇ ಆಯಿತು.

ಮೂರನೆಯ ಸಲ ಅವರು ಅತ್ತೆಯವರೊಂದಿಗೆ ಬಂದರು. ಕೈಯಲ್ಲಿ ಎಕ್ಸ್‌ರೇ ಇತ್ತು. ಮೂಳೆ ಸವೆದಿದೆ ಎಂದು ಅದರ ವರದಿಯಲ್ಲಿ ಬರೆದಿದ್ದರಿಂದ ಅವರು ಗಾಬರಿಯಾಗಿದ್ದರು. "ಡಾಕ್ಟ್ರೇ, ನಾನು ಕೆಲಸ ಬಿಡಬೇಕಾಗುತ್ತಾ? ಮನೆ ಸಾಲ ಇನ್ನೂ ಹತ್ತು ವರ್ಷ ಇದೆ" ಎಂದರು. ಅತ್ತೆಯವರ ಸಂದೇಹವೇ ಬೇರೆ. "ಇವಳು ಒಂದು ಬಿಂದಿಗೆ ನೀರು ಎತ್ತೋದಿಲ್ಲ. ದಿನವಿಡೀ ಕುರ್ಚಿಯಲ್ಲಿ ಕೂತಿರ್ತಾಳೆ. ಕುತ್ತಿಗೆ ನೋವು ಎಲ್ಲಿಂದ ಬಂತು ಅಂತ ನೀವೇ ಹೇಳಿ" ಎಂದರು.

ಆಗ ನನಗೆ ಹೊಳೆದದ್ದು, ನಾನು ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಕೇಳಿರಲೇ ಇಲ್ಲ ಎಂಬುದು. ಅವರು ಕೆಲಸ ಮಾಡುವ ಮೇಜಿನ ಫೋಟೋ ಒಂದನ್ನು ಮನೆಯಿಂದ ತರಿಸಲು ಹೇಳಿದೆ. ಅವರ ಯಜಮಾನರು ಐದು ನಿಮಿಷದಲ್ಲಿ ಮೊಬೈಲಿಗೆ ಕಳಿಸಿದರು. ರೋಗದ ಮೂಲ ಆ ಚಿತ್ರದಲ್ಲಿತ್ತು. ಊಟದ ಮೇಜಿನ ಮೇಲೆ ಎದುರಿಗೆ ಲ್ಯಾಪ್‌ಟಾಪ್, ಅದರ ಬಲಕ್ಕೆ 24 ಇಂಚಿನ ದೊಡ್ಡ ಮಾನಿಟರ್. ಬೆರಳುಗಳಿಗೆ ಕೆಲಸ ಲ್ಯಾಪ್‌ಟಾಪಿನ ಕೀಲಿಮಣೆಯ ಮೇಲೆ, ಕಣ್ಣಿಗೆ ಕೆಲಸ ಬಲಗಡೆಯ ದೊಡ್ಡ ಪರದೆಯ ಮೇಲೆ. ಅಂದರೆ ಮೈ ಒಂದು ದಿಕ್ಕಿಗೆ, ಮುಖ ಇನ್ನೊಂದು ದಿಕ್ಕಿಗೆ. ದಿನಕ್ಕೆ ಎಂಟು ಗಂಟೆ, ವಾರಕ್ಕೆ ಐದು ದಿನ.

ಈ ವಾರದ ಲೇಖನ ಈ ಮೇಜಿನ ಬಗ್ಗೆ. 2020ರ ಮಾರ್ಚ್‌ನಲ್ಲಿ ದೇಶಕ್ಕೆಲ್ಲ ಲಾಕ್‌ಡೌನ್ ಬಂದಾಗ ಕಚೇರಿಯ ಕೆಲಸ ಮನೆಯೊಳಗೆ ಬಂದಿತು. ಅನೇಕರ ಮನೆಯಲ್ಲಿ ಅದು ಪೂರ್ತಿ ಹಿಂದಿರುಗಿಲ್ಲ. ಸಾಫ್ಟ್‌ವೇರಿನವರು, ಲೆಕ್ಕಪತ್ರ ಬರೆಯುವವರು, ವಿನ್ಯಾಸ ಮಾಡುವವರು, ಷೇರು ವಹಿವಾಟು ನಡೆಸುವವರು ಮನೆಯಲ್ಲಿ ಎರಡು, ಕೆಲವೊಮ್ಮೆ ಮೂರು ಪರದೆಗಳನ್ನು ಇಟ್ಟುಕೊಳ್ಳುತ್ತಿದ್ದಾರೆ. ಇದರಲ್ಲಿ ತಪ್ಪೇನೂ ಇಲ್ಲ. ಒಂದರಲ್ಲಿ ಓದಿ ಇನ್ನೊಂದರಲ್ಲಿ ಬರೆಯಲು ಅನುಕೂಲ. ಆದರೆ ಪರದೆಗಳನ್ನು ಜಾಗ ಸಿಕ್ಕಿದ ಕಡೆ ಇಟ್ಟರೆ ಅದರ ಬೆಲೆಯನ್ನು ಕುತ್ತಿಗೆ ತೆರಬೇಕಾಗುತ್ತದೆ.

ಎತ್ತದೆಯೂ ನೋವು ಏಕೆ?

ನಮ್ಮ ತಲೆಯ ತೂಕ ಸುಮಾರು ಐದು ಕಿಲೋ. ಅದನ್ನು ಹೊತ್ತು ನಿಂತಿರುವುದು ಕುತ್ತಿಗೆಯ ಏಳು ಸಣ್ಣ ಮೂಳೆಗಳು ಮತ್ತು ಅವುಗಳ ಸುತ್ತಲಿನ ಸ್ನಾಯುಗಳು. ತಲೆ ನೇರವಾಗಿದ್ದಾಗ ಭಾರ ಮೂಳೆಗಳ ಮೇಲೆ ಸಮನಾಗಿ ಕೂರುತ್ತದೆ. ಸ್ನಾಯುಗಳಿಗೆ ಹೆಚ್ಚು ಶ್ರಮವಿಲ್ಲ. ತಲೆ ಮುಂದಕ್ಕೆ ಬಾಗಿದರೆ ಅಥವಾ ಪಕ್ಕಕ್ಕೆ ತಿರುಗಿದರೆ ಅದನ್ನು ಅದೇ ಸ್ಥಿತಿಯಲ್ಲಿ ಹಿಡಿದಿಡಲು ಸ್ನಾಯುಗಳು ಸದಾ ಬಿಗಿಯಾಗಿರಬೇಕು.

ಕುತ್ತಿಗೆ ತಿರುಗಿಸುವುದು ದೋಷವಲ್ಲ. ಆರೋಗ್ಯವಂತರ ಕತ್ತು ಪ್ರತಿ ಬದಿಗೂ ಸುಮಾರು 70ರಿಂದ 80 ಡಿಗ್ರಿ ತಿರುಗಬಲ್ಲದು. ರಸ್ತೆ ದಾಟುವಾಗ, ವಾಹನ ಹಿಂದಕ್ಕೆ ತೆಗೆಯುವಾಗ ನಾವು ಹಾಗೆ ಮಾಡುತ್ತಲೇ ಇರುತ್ತೇವೆ. ತಿರುಗಿಸಿದ್ದನ್ನು ತಿರುಗಿಸಿಯೇ ಇಟ್ಟುಕೊಳ್ಳುವುದರಿಂದ ತೊಂದರೆ ಬರುತ್ತದೆ. ನೀರು ತುಂಬಿದ ತಂಬಿಗೆಯನ್ನು ಕೈ ಚಾಚಿ ಹಿಡಿದು ನೋಡಿ. ಒಂದು ನಿಮಿಷ ಏನೂ ಅನ್ನಿಸುವುದಿಲ್ಲ. ಐದು ನಿಮಿಷಕ್ಕೆ ಕೈ ನಡುಗುತ್ತದೆ. ತಂಬಿಗೆ ಭಾರವಾದದ್ದಲ್ಲ, ಸ್ನಾಯುವಿಗೆ ಬಿಡುವು ಸಿಗಲಿಲ್ಲ ಅಷ್ಟೆ. ಬಿಗಿದೇ ಇರುವ ಸ್ನಾಯುವಿನೊಳಗೆ ರಕ್ತ ಸರಾಗವಾಗಿ ಹರಿಯುವುದಿಲ್ಲ. ಮೊದಲು ಆಯಾಸ, ಆಮೇಲೆ ನೋವು, ಅದರ ಮೇಲೆ ಬಿಗಿತ.

ಬಿಂದಿಗೆ ಎತ್ತುವವರ ಸ್ನಾಯು ಬಿಗಿದು ಸಡಿಲುತ್ತದೆ, ಮತ್ತೆ ಬಿಗಿಯುತ್ತದೆ. ಕುರ್ಚಿಯಲ್ಲಿ ಕುಳಿತವರ ಸ್ನಾಯು ಬಿಗಿದದ್ದು ಸಡಿಲುವುದೇ ಇಲ್ಲ. ಆ ಅತ್ತೆಯವರಿಗೆ ನಾನು ಕೊಟ್ಟ ಉತ್ತರ ಇಷ್ಟೇ. ಮನೆಯಲ್ಲಿ ಕುಳಿತು ಕೆಲಸ ಮಾಡುವವರ ನೋವನ್ನು ನೆಪವೆಂದು ತಿಳಿಯಬೇಡಿ.

ನಿಮ್ಮ ಮುಖ್ಯ ಪರದೆ ಯಾವುದು?

ಮೇಜು ಸರಿಪಡಿಸುವ ಮೊದಲು ಈ ಪ್ರಶ್ನೆಗೆ ಉತ್ತರ ಕಂಡುಕೊಳ್ಳಿ. ಊಹಿಸಬೇಡಿ, ಒಂದು ದಿನ ಗಮನಿಸಿ. ಮನೆಯವರೊಬ್ಬರು ಆಗಾಗ ಬಂದು ನೋಡಿ, ನೀವು ಯಾವ ಪರದೆಯತ್ತ ಮುಖ ಮಾಡಿದ್ದೀರಿ ಎಂದು ಬರೆದಿಟ್ಟರೂ ಸಾಕು. ಉತ್ತರ ಎರಡರಲ್ಲಿ ಒಂದಾಗಿರುತ್ತದೆ.

ಮೊದಲನೆಯದು, ಹೆಚ್ಚಿನ ಹೊತ್ತು ಒಂದೇ ಪರದೆಯನ್ನು ನೋಡಿ, ಇನ್ನೊಂದನ್ನು ಆಗೊಮ್ಮೆ ಈಗೊಮ್ಮೆ ನೋಡುವುದು. ಬಹುಪಾಲು ಜನ ಈ ಗುಂಪಿನವರು. ಇವರು ಮುಖ್ಯ ಪರದೆಯನ್ನು ಮೂಗಿನ ನೇರಕ್ಕೆ ಇಡಬೇಕು. ಕೀಲಿಮಣೆಯೂ ಕುರ್ಚಿಯೂ ಅದೇ ನೇರದಲ್ಲಿರಬೇಕು. ಎರಡನೆಯ ಪರದೆ ಅದಕ್ಕೆ ತಾಗಿಕೊಂಡಂತೆ ಪಕ್ಕದಲ್ಲಿರಲಿ. ಅದನ್ನು ಗೋಡೆಗೆ ಸಮಾನಾಂತರವಾಗಿ ಇಡದೆ, ತೆರೆದ ಪುಸ್ತಕದ ಹಾಳೆಯಂತೆ ನಿಮ್ಮ ಕಡೆಗೆ ಸ್ವಲ್ಪ ವಾಲಿಸಿ.

ಎರಡನೆಯದು, ಎರಡೂ ಪರದೆಗಳನ್ನು ಹೆಚ್ಚುಕಡಿಮೆ ಸಮನಾಗಿ ನೋಡುವುದು. ಇವರು ಎರಡೂ ಪರದೆಗಳ ಅಂಚು ಸೇರುವ ಜಾಗವನ್ನು ಮೂಗಿನ ನೇರಕ್ಕೆ ತಂದುಕೊಳ್ಳಬೇಕು. ಎರಡೂ ಒಳಮುಖವಾಗಿ ವಾಲಿರಲಿ.

ಇದರಿಂದಾಗುವ ವ್ಯತ್ಯಾಸ ಸಣ್ಣದಲ್ಲ. 24 ಇಂಚಿನ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲವಿರುತ್ತದೆ. ಒಂದರ ಎದುರು 65 ಸೆಂಟಿಮೀಟರ್ ದೂರದಲ್ಲಿ ಕುಳಿತರೆ, ಪಕ್ಕದ್ದರ ನಡುಭಾಗವನ್ನು ನೋಡಲು ದೃಷ್ಟಿಯನ್ನು ಸುಮಾರು 40 ಡಿಗ್ರಿ ಹೊರಳಿಸಬೇಕು. ಕ್ಷಣಕಾಲಕ್ಕೆ ಇದು ಏನೂ ಅಲ್ಲ, ಗಂಟೆಗಟ್ಟಲೆಗೆ ಬಹಳ. ಎರಡರ ನಡುವೆ ಕುಳಿತರೆ ಪ್ರತಿ ಬದಿಗೂ ಅದರ ಅರ್ಧದಷ್ಟೇ ಸಾಕು, ಮತ್ತು ಅದರಲ್ಲಿ ಒಂದು ಪಾಲನ್ನು ಕಣ್ಣುಗುಡ್ಡೆಗಳೇ ಮಾಡಿಬಿಡುತ್ತವೆ. ಪಕ್ಕದ ಪರದೆಯಲ್ಲಿ ಸ್ವಲ್ಪ ಹೊತ್ತು ಓದುವುದಿದ್ದರೆ ಓದುವ ಪುಟವನ್ನು ಮೌಸ್‌ನಿಂದ ಎಳೆದು ಆ ಪರದೆಯ ಒಳ ಅಂಚಿಗೆ ತಂದುಕೊಳ್ಳಿ. ಹೆಚ್ಚು ಹೊತ್ತಿನ ಕೆಲಸವಿದ್ದರೆ ಕತ್ತನ್ನಷ್ಟೇ ತಿರುಗಿಸದೆ ಕುರ್ಚಿಯ ಸಮೇತ ಮೈಯನ್ನೇ ಆ ಕಡೆಗೆ ತಿರುಗಿಸಿ.

ಮೂರು ಪರದೆಗಳಿದ್ದರೆ ಮುಖ್ಯವಾದದ್ದು ನಡುವೆ, ಉಳಿದೆರಡು ಅಕ್ಕಪಕ್ಕ. ಒಂದರ ಮೇಲೊಂದು ಇಡುವವರು ಕೆಳಗಿನದನ್ನೇ ಮುಖ್ಯವಾಗಿಟ್ಟುಕೊಳ್ಳಿ. ತಲೆ ಮೇಲಕ್ಕೆತ್ತಿ ಗಂಟೆಗಟ್ಟಲೆ ಓದುವುದು ಕುತ್ತಿಗೆಗೆ ಪಕ್ಕಕ್ಕೆ ತಿರುಗುವಷ್ಟೇ ಕಷ್ಟ.

ಎತ್ತರ ಮತ್ತು ದೂರ

ನೇರವಾಗಿ ಕುಳಿತು ಎದುರು ನೋಡಿದಾಗ ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ತುಸು ಕೆಳಗಿರಬೇಕು. ಆಗ ದೃಷ್ಟಿ ಸ್ವಲ್ಪ ಕೆಳಮುಖವಾಗಿರುತ್ತದೆ. ಅದೇ ಕಣ್ಣಿಗೆ ಸಹಜವಾದ ಭಂಗಿ. ದೂರಕ್ಕೆ ಅಳತೆ ನಿಮ್ಮ ತೋಳು. ಬೆನ್ನು ಒರಗಿಸಿ ಕುಳಿತು ಕೈ ಚಾಚಿದರೆ ಬೆರಳ ತುದಿ ಪರದೆಗೆ ತಾಗುವಂತಿರಲಿ. ಎರಡೂ ಪರದೆಗಳು ಒಂದೇ ಎತ್ತರದಲ್ಲಿ, ಒಂದೇ ದೂರದಲ್ಲಿ, ಒಂದೇ ಬಗೆಯ ಬೆಳಕಿನಲ್ಲಿದ್ದರೆ ಕಣ್ಣಿಗೂ ಕತ್ತಿಗೂ ಹೊಂದಿಸಿಕೊಳ್ಳುವ ಕಷ್ಟ ತಪ್ಪುತ್ತದೆ.

ಲ್ಯಾಪ್‌ಟಾಪಿನ ಪರದೆಯನ್ನು ಮೇಜಿನ ಮೇಲೆ ಹಾಗೆಯೇ ಇಟ್ಟರೆ ತೀರಾ ಕೆಳಗಾಗುತ್ತದೆ. ಎತ್ತರಿಸಿದರೆ ಅದರ ಕೀಲಿಮಣೆ ಕೈಗೆ ತೀರಾ ಮೇಲಾಗುತ್ತದೆ. ಆದ್ದರಿಂದ ಲ್ಯಾಪ್‌ಟಾಪ್ ಬಳಸುವವರು ಪ್ರತ್ಯೇಕ ಕೀಲಿಮಣೆ ಮತ್ತು ಮೌಸ್ ಕೊಳ್ಳುವುದು ಒಳ್ಳೆಯದು. ದುಬಾರಿ ಸ್ಟ್ಯಾಂಡ್ ಬೇಕೆಂದೇನಿಲ್ಲ. ದಪ್ಪ ಪುಸ್ತಕಗಳು, ಅಲುಗಾಡದ ಮರದ ಪೆಟ್ಟಿಗೆ ಯಾವುದಾದರೂ ನಡೆಯುತ್ತದೆ.

ಚಾಳೀಸು ಬಂದವರಿಗೆ ಒಂದು ವಿಶೇಷ ಸೂಚನೆ. ಎರಡು ಪವರಿನ ಕನ್ನಡಕ ಹಾಕುವವರು ಹತ್ತಿರದ್ದನ್ನು ಓದುವುದು ಗಾಜಿನ ಕೆಳಭಾಗದಿಂದ. ಪರದೆ ಎತ್ತರದಲ್ಲಿದ್ದರೆ ಅವರಿಗೆ ತಿಳಿಯದಂತೆಯೇ ಗಲ್ಲ ಮೇಲೇರುತ್ತದೆ, ಕುತ್ತಿಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಇಂಥವರು ಪರದೆಯನ್ನು ಇನ್ನಷ್ಟು ತಗ್ಗಿಸಬೇಕು. ಇಲ್ಲವೇ ಪರದೆಯ ದೂರಕ್ಕೆ ಸರಿಹೊಂದುವ ಒಂದೇ ಪವರಿನ ಕನ್ನಡಕವನ್ನು ಕಣ್ಣಿನ ವೈದ್ಯರಲ್ಲಿ ಕೇಳಿ ಮಾಡಿಸಿಕೊಳ್ಳಬೇಕು.

ಕುರ್ಚಿ ಮತ್ತು ಮೇಜು

ಊಟದ ಮೇಜು ಸಾಮಾನ್ಯವಾಗಿ ಸುಮಾರು 75 ಸೆಂಟಿಮೀಟರ್ ಎತ್ತರವಿರುತ್ತದೆ. ಕುಳ್ಳಗಿರುವವರಿಗೆ ಇದು ಹೆಚ್ಚಾಗಿ, ಟೈಪು ಮಾಡುವಾಗ ಭುಜಗಳು ಮೇಲಕ್ಕೇರುತ್ತವೆ. ಭುಜ ಸಡಿಲವಾಗಿ ಇಳಿಬಿದ್ದು, ಮೊಣಕೈ ಮೈಗೆ ಹತ್ತಿರವಿದ್ದು, ಮುಂಗೈ ನೆಲಕ್ಕೆ ಸಮಾನಾಂತರವಾಗಿ ಕೀಲಿಮಣೆಯ ಮೇಲೆ ಬರಬೇಕು. ಬಾರದಿದ್ದರೆ ಕುರ್ಚಿಯ ಮೇಲೆ ಗಟ್ಟಿಯಾದ ದಿಂಬು ಹಾಕಿ ಎತ್ತರಿಸಿಕೊಳ್ಳಿ. ಆಗ ಪಾದ ನೆಲಕ್ಕೆ ಎಟುಕದಿದ್ದರೆ ಕೆಳಗೆ ಒಂದು ತಗ್ಗು ಸ್ಟೂಲು ಇಡಿ. ಸೊಂಟದ ಹಿಂದೆ ಸುತ್ತಿದ ಟವೆಲ್ ಇಟ್ಟುಕೊಂಡರೆ ಬೆನ್ನಿಗೆ ಆಧಾರ. ಕುರ್ಚಿಯ ಎತ್ತರ ಬದಲಾದರೆ ಪರದೆಯ ಎತ್ತರವನ್ನೂ ಮತ್ತೆ ನೋಡಿಕೊಳ್ಳಿ. ಹಾಸಿಗೆಯ ಮೇಲೆ ಒರಗಿಕೊಂಡು ಕೆಲಸ ಮಾಡುವ ಅಭ್ಯಾಸ ಬಿಡಿ.

ಫೋನನ್ನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಸಿಕೊಂಡು ಟೈಪು ಮಾಡುವುದು ಮೇಲಿನ ಎಲ್ಲ ವ್ಯವಸ್ಥೆಯನ್ನೂ ಹಾಳುಮಾಡುತ್ತದೆ. ಇಯರ್‌ಫೋನ್ ಬಳಸಿ.

ಮೇಜಿನ ಕೆಳಗೂ ಒಮ್ಮೆ ನೋಡಿ. ಪರದೆ ಹೆಚ್ಚಾದಂತೆ ತಂತಿಗಳೂ ಹೆಚ್ಚುತ್ತವೆ. ಓಡಾಡುವ ದಾರಿಗೆ ಅಡ್ಡವಾಗಿ ಎಳೆದ ತಂತಿಗೆ ಎಡವಿ ಹಿರಿಯರು ಬಿದ್ದರೆ ಸೊಂಟದ ಮೂಳೆ ಮುರಿಯಬಹುದು. ತೆವಳುವ ಮಗು ಅದನ್ನೇ ಹಿಡಿದೆಳೆದರೆ ಮಾನಿಟರ್ ಮೈಮೇಲೆ ಬರಬಹುದು. ತಂತಿಗಳನ್ನು ಒಟ್ಟುಗೂಡಿಸಿ ಗೋಡೆಯ ಅಂಚಿಗೆ ಕಟ್ಟಿ. ಒಂದು ಎಕ್ಸ್‌ಟೆನ್ಷನ್ ಬೋರ್ಡಿಗೆ ಇನ್ನೊಂದನ್ನು ಸಿಕ್ಕಿಸಬೇಡಿ.

ಕಣ್ಣಿನ ಬಗ್ಗೆ

ಪರದೆ ನೋಡುವಾಗ ನಾವು ರೆಪ್ಪೆ ಬಡಿಯುವುದನ್ನು ಬಹಳ ಕಡಿಮೆ ಮಾಡುತ್ತೇವೆ. ಕಣ್ಣೀರಿನ ತೆಳುಪದರ ಒಣಗಿ ಉರಿ, ಕೆಂಪು, ಮಸುಕು ಕಾಣಿಸಿಕೊಳ್ಳುತ್ತವೆ. ಫ್ಯಾನಿನ ಗಾಳಿ ನೇರ ಮುಖಕ್ಕೆ ಬಡಿದರೆ ಇನ್ನೂ ಹೆಚ್ಚು. ಕಿಟಕಿ ಪರದೆಗಳ ಹಿಂದೆಯೂ ಬೇಡ, ನಿಮ್ಮ ಬೆನ್ನ ಹಿಂದೆಯೂ ಬೇಡ, ಪಕ್ಕದಲ್ಲಿದ್ದರೆ ಉತ್ತಮ. ಇಪ್ಪತ್ತು ನಿಮಿಷಕ್ಕೊಮ್ಮೆ ಇಪ್ಪತ್ತು ಅಡಿಯಾಚೆಯ ವಸ್ತುವನ್ನು ಇಪ್ಪತ್ತು ಸೆಕೆಂಡು ನೋಡಿ. ಅಂಗಳದ ತೆಂಗಿನಮರವಾದರೂ ಆಗಬಹುದು, ಎದುರುಮನೆಯ ಗೇಟಾದರೂ ಆಗಬಹುದು.

ನೀಲಿ ಬೆಳಕನ್ನು ತಡೆಯುವ ಕನ್ನಡಕದ ಬಗ್ಗೆ ಅನೇಕರು ಕೇಳುತ್ತಾರೆ. 2023ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯಲ್ಲಿ, ಪರದೆಯಿಂದಾಗುವ ಕಣ್ಣಿನ ಆಯಾಸವನ್ನು ಅಂಥ ಕನ್ನಡಕ ಸಾಮಾನ್ಯ ಕನ್ನಡಕಕ್ಕಿಂತ ಹೆಚ್ಚು ತಗ್ಗಿಸುವಂತೆ ಕಂಡುಬಂದಿಲ್ಲ. ಆ ಹಣದಲ್ಲಿ ಒಂದು ಕೀಲಿಮಣೆ ಕೊಂಡುಕೊಳ್ಳಿ.

ಎದ್ದೇಳುವುದೇ ಔಷಧ

ಎಷ್ಟೇ ಚೆನ್ನಾಗಿ ಮೇಜು ಹೊಂದಿಸಿದರೂ ಒಂದೇ ಭಂಗಿಯಲ್ಲಿ ಎಂಟು ಗಂಟೆ ಕೂರಲು ದೇಹ ಒಪ್ಪುವುದಿಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಒಂದೆರಡು ನಿಮಿಷ ನಡೆದಾಡಿ. ನೀರಿನ ಚೊಂಬನ್ನು ಮೇಜಿನ ಮೇಲಿಡದೆ ಅಡುಗೆಮನೆಯಲ್ಲಿಟ್ಟರೆ ಎದ್ದೇಳಲು ತಾನಾಗಿಯೇ ಕಾರಣ ಸಿಗುತ್ತದೆ.

ಜೊತೆಗೆ ದಿನಕ್ಕೆ ಮೂರು ಸಲ ಈ ವ್ಯಾಯಾಮ ಮಾಡಿ. ಮುಖ ನೇರವಾಗಿಟ್ಟುಕೊಂಡು ಗಲ್ಲವನ್ನು ಹಿಂದಕ್ಕೆ ಎಳೆದು ಐದು ಎಣಿಸಿ, ಬಿಡಿ. ಕತ್ತನ್ನು ನಿಧಾನವಾಗಿ ಬಲಕ್ಕೂ ಎಡಕ್ಕೂ ತಿರುಗಿಸಿ. ಭುಜಗಳನ್ನು ಕಿವಿಯವರೆಗೆ ಎತ್ತಿ ಕೆಳಗೆ ಬಿಡಿ. ಪ್ರತಿಯೊಂದೂ ಹತ್ತು ಸಲ. ನೋವು ಹೆಚ್ಚಾಗುವಷ್ಟು ಬಲ ಹಾಕಬೇಡಿ.

ಕ್ಷೌರದಂಗಡಿಯಲ್ಲಿ ಕತ್ತನ್ನು ಲಟಕ್ಕನೆ ತಿರುಗಿಸಿ ನೆಟಿಗೆ ತೆಗೆಸುವುದು ಖಂಡಿತ ಬೇಡ. ಕುತ್ತಿಗೆಯ ಮೂಳೆಗಳ ನಡುವೆ ಮಿದುಳಿಗೆ ರಕ್ತ ಒಯ್ಯುವ ನಾಳಗಳು ಹಾದುಹೋಗುತ್ತವೆ. ಅಪರೂಪಕ್ಕಾದರೂ ಅವು ಸೀಳಿ ಪಾರ್ಶ್ವವಾಯು ಆದ ಉದಾಹರಣೆಗಳಿವೆ.

ಕುತ್ತಿಗೆ ಪಟ್ಟಿಯನ್ನು ವೈದ್ಯರು ಹೇಳದೆ ಹಾಕಿಕೊಳ್ಳಬೇಡಿ. ಬಹಳ ದಿನ ಹಾಕಿದರೆ ಸ್ನಾಯುಗಳು ಇನ್ನಷ್ಟು ದುರ್ಬಲವಾಗುತ್ತವೆ. ನೋವಿನ ಮಾತ್ರೆಯನ್ನು ಅಂಗಡಿಯಿಂದ ತಾವಾಗಿಯೇ ತಂದು ವಾರಗಟ್ಟಲೆ ನುಂಗುವುದೂ ಅಪಾಯ. ಹೊಟ್ಟೆಯ ಹುಣ್ಣು, ಮೂತ್ರಪಿಂಡದ ತೊಂದರೆ, ರಕ್ತದೊತ್ತಡ ಇರುವವರಿಗೆ ಅದರಿಂದ ಹಾನಿ ಹೆಚ್ಚು.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಎಲ್ಲ ಕುತ್ತಿಗೆ ನೋವೂ ಮೇಜಿನಿಂದ ಬರುವುದಿಲ್ಲ. ಈ ಕೆಳಗಿನವು ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ: ಕೈಯಲ್ಲಿ ಬಲ ಕುಂದಿ ವಸ್ತುಗಳು ಜಾರಿ ಬೀಳುವುದು, ಗುಂಡಿ ಹಾಕಲು ಕಷ್ಟವಾಗುವುದು, ತೋಳಿನುದ್ದಕ್ಕೂ ಜೋಮು ಹಿಡಿದು ಕಡಿಮೆಯಾಗದಿರುವುದು, ನಡೆಯುವಾಗ ಕಾಲು ತಡವರಿಸುವುದು, ಮಲಮೂತ್ರದ ಮೇಲೆ ಹಿಡಿತ ತಪ್ಪುವುದು, ಜ್ವರದೊಂದಿಗೆ ಕತ್ತು ಬಿಗಿಯುವುದು, ಬಿದ್ದು ಪೆಟ್ಟಾದ ಮೇಲೆ ಬಂದ ನೋವು, ರಾತ್ರಿ ನಿದ್ದೆಗೆಡಿಸುವ ನೋವಿನ ಜೊತೆ ತೂಕ ಇಳಿಯುವುದು. ಕುತ್ತಿಗೆ, ದವಡೆ, ತೋಳಿನ ನೋವಿನೊಂದಿಗೆ ಎದೆ ಹಿಡಿದಂತಾಗಿ ಬೆವರು, ಉಸಿರಾಟದ ಕಷ್ಟ ಕಂಡರೆ ಅದು ಹೃದಯದ ತೊಂದರೆಯಿರಬಹುದು. ತಕ್ಷಣ ಆಸ್ಪತ್ರೆಗೆ ಧಾವಿಸಿ.

ಇವು ಯಾವುವೂ ಇಲ್ಲದಿದ್ದರೆ ಎಕ್ಸ್‌ರೇಯಲ್ಲಿ "ಸವೆತ" ಎಂಬ ಪದ ಕಂಡ ಮಾತ್ರಕ್ಕೆ ಎದೆಗುಂದಬೇಡಿ. ವಯಸ್ಸಾದಂತೆ ಎಲ್ಲರ ಮೂಳೆಯೂ ಸ್ವಲ್ಪ ಸವೆಯುತ್ತದೆ. ಯಾವ ನೋವೂ ಇಲ್ಲದವರ ಎಕ್ಸ್‌ರೇಯಲ್ಲೂ ಅದು ಕಾಣುವುದು ಸಾಮಾನ್ಯ. ನೋವಿಗೆ ಅದೇ ಕಾರಣವೆಂದು ಹೇಳಲಾಗದು.

ಆ ಮಹಿಳೆಯ ಕೈಗಳ ಬಲ, ಸ್ಪರ್ಶ ಎಲ್ಲ ಸರಿಯಾಗಿದ್ದವು. ಈ ಸಲ ನಾನು ಮಾತ್ರೆ ಬರೆಯಲಿಲ್ಲ. ದೊಡ್ಡ ಮಾನಿಟರನ್ನು ಎದುರಿಗೆ ತಂದು, ಲ್ಯಾಪ್‌ಟಾಪನ್ನು ಪಕ್ಕಕ್ಕೆ ಸರಿಸಿ, ಪ್ರತ್ಯೇಕ ಕೀಲಿಮಣೆ ಕೊಳ್ಳಲು ಹೇಳಿದೆ. ಲ್ಯಾಪ್‌ಟಾಪನ್ನು ಎತ್ತರಿಸಲು ಏನಿಡುವುದು ಎಂಬ ಪ್ರಶ್ನೆ ಬಂದಾಗ ಅತ್ತೆಯವರೇ ಅಟ್ಟದಿಂದ ಹಳೆಯ ಊಟದ ಮಣೆಗಳನ್ನು ಇಳಿಸಿಕೊಟ್ಟರಂತೆ. ಮೂರು ವಾರದ ಮೇಲೆ ಮೊಮ್ಮಗನ ನೆಗಡಿಗೆ ಔಷಧಿ ಕೇಳಲು ಬಂದಾಗ ಅವರು ಹೇಳಿದರು: "ಈಗ ಸಂಜೆ ತಲೆ ಹಿಡ್ಕೊಂಡು ಕೂರೋದಿಲ್ಲ ಡಾಕ್ಟ್ರೇ. ಅರ್ಧ ಗಂಟೆಗೊಂದು ಸಲ ನೀರಿಗೆ ಅಂತ ಅಡುಗೆಮನೆಗೆ ಬರ್ತಾಳೆ, ನಾಲ್ಕು ಮಾತಾಡಿ ಹೋಗ್ತಾಳೆ."

ನಿಮ್ಮ ಮನೆಯಲ್ಲೂ ಇಂಥ ಮೇಜೊಂದಿದ್ದರೆ ಈ ಭಾನುವಾರ ಅದರ ಮುಂದೆ ಎಂದಿನಂತೆ ಕುಳಿತುಕೊಳ್ಳಿ. ಮನೆಯವರಿಂದ ಪಕ್ಕದಿಂದೊಂದು, ಹಿಂದಿನಿಂದೊಂದು ಫೋಟೋ ತೆಗೆಸಿ ನೋಡಿ. ಹೊಟ್ಟೆಯ ಗುಂಡಿ ತೋರುವ ದಿಕ್ಕಿಗೇ ಮೂಗೂ ತೋರುತ್ತಿದೆಯೇ? ಇಲ್ಲವಾದರೆ ಮೊದಲು ಪರದೆಯನ್ನು ಸರಿಸಿ.